ಅಂಗಡಿ ಹೆಸರಿನಲ್ಲೊಂದು ಇಮೇಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಮರದ ಆಟಿಕೆ ತಯಾರಿಸುವ ಸಣ್ಣ ಘಟಕ, ಕೆಲಸಕ್ಕಿರುವುದು ನಾಲ್ಕು ಜನ. ಇಷ್ಟು ದಿನ ಉಚಿತ ಜಿಮೇಲ್‌ನಲ್ಲೇ ವ್ಯವಹಾರ ನಡೆದಿದೆ. ಈಗ ಹೊರದೇಶದ ಖರೀದಿದಾರರೊಬ್ಬರು ಕಂಪನಿ ಹೆಸರಿನ ಇಮೇಲ್ ಇದ್ದರಷ್ಟೇ ವೆಂಡರ್ ಪಟ್ಟಿಗೆ ಸೇರಿಸುತ್ತೇವೆ ಅನ್ನುತ್ತಿದ್ದಾರೆ. ಗೂಗಲ್, ಮೈಕ್ರೋಸಾಫ್ಟ್, ಜೋಹೊ ಇವುಗಳಲ್ಲಿ ಯಾವುದು ಒಳ್ಳೆಯದು? (ಚನ್ನಪಟ್ಟಣ)

ಉತ್ತರ: ಮೂರರಲ್ಲಿ ಯಾವುದನ್ನು ಹಿಡಿದರೂ ಮುಂದೆ ಬಿಟ್ಟು ಇನ್ನೊಂದಕ್ಕೆ ಹೋಗಬಹುದು. ಹಾಗೆ ಬಿಟ್ಟುಹೋಗಲಾಗದ್ದು ಡೊಮೇನ್, ಅಂದರೆ ವಿಳಾಸದ ಕೊನೆಯಲ್ಲಿ ಬರುವ ನಿಮ್ಮ ಸಂಸ್ಥೆಯ ಹೆಸರು. ಬಿಲ್ಲು, ಕಾರ್ಡು, ಡಬ್ಬದ ಮೇಲಿನ ಲೇಬಲ್ಲು ಎಲ್ಲದರ ಮೇಲೂ ಅಚ್ಚಾಗುವುದು ಅದೇ. ಆದ್ದರಿಂದ ಮೊದಲು ಅದನ್ನು ನಿಮ್ಮ ಹೆಸರಿಗೇ ನೋಂದಾಯಿಸಿ. ವೆಬ್‌ಸೈಟ್ ಮಾಡಿಕೊಡುವ ಹುಡುಗ ‘ಅದನ್ನೂ ನಾನೇ ಮಾಡಿಸ್ತೀನಿ ಬಿಡಿ ಸಾರ್’ ಎಂದರೆ ಒಪ್ಪಬೇಡಿ. ಅವನ ಖಾತೆಯಲ್ಲಿ, ಅವನ ಕಾರ್ಡಿನಿಂದ ಕೊಂಡ ಡೊಮೇನ್ ದಾಖಲೆ ಪ್ರಕಾರ ಅವನದೇ. ರಿಜಿಸ್ಟ್ರಾರ್ (ಡೊಮೇನ್ ಮಾರುವ ಕಂಪನಿ) ಬಳಿ ತೆರೆಯುವ ಖಾತೆಗೆ ನಿಮ್ಮ ಫೋನ್ ನಂಬರ್ ಇರಲಿ, ಇಮೇಲ್ ಮಾತ್ರ ಹಳೆಯ ಜಿಮೇಲೇ ಇರಲಿ. ಡೊಮೇನ್ ಅವಧಿ ಮುಗಿದು ಮೇಲ್ ನಿಂತ ದಿನ, ಪಾಸ್‌ವರ್ಡ್ ಬದಲಿಸುವ ಪತ್ರವೂ ಅದೇ ನಿಂತ ಪೆಟ್ಟಿಗೆಗೆ ಬರುವಂತಿದ್ದರೆ ಕೀಲಿ ಒಳಗಿಟ್ಟು ಬೀಗ ಹಾಕಿದ ಹಾಗೆ.

ಮೊದಲ ವರ್ಷದ ರಿಯಾಯಿತಿ ದರಕ್ಕೆ ಮರುಳಾಗದೆ ಎರಡನೇ ವರ್ಷದ ನವೀಕರಣ ದರ ಕೇಳಿ. ಡಾಟ್ ಕಾಮ್ ಹೆಸರೊಂದು ಅವಧಿ ಮೀರಿ ‘ರಿಡೆಂಪ್ಶನ್’ ಹಂತಕ್ಕೆ ಬಿದ್ದರೆ 30 ದಿನದೊಳಗೆ ದುಬಾರಿ ಶುಲ್ಕ ತೆತ್ತು ಬಿಡಿಸಿಕೊಳ್ಳಬೇಕಾಗುತ್ತದೆ. ಅದೂ ದಾಟಿದರೆ ಹೆಸರು ಯಾರ ಪಾಲಾದರೂ ಆಗಬಹುದು.

ಇನ್ನು ಮೇಲ್ ಸೇವೆ. ಚೆನ್ನೈನ ಜೋಹೊ ಕೊಡುವ ಉಚಿತ ಯೋಜನೆಯಲ್ಲಿ ಒಂದು ಡೊಮೇನ್, 5 ಜನ, ತಲಾ 5 ಜಿಬಿ. ಅದನ್ನು ಬ್ರೌಸರ್‌ನಲ್ಲಿ ಇಲ್ಲವೇ ಜೋಹೊದ ಆ್ಯಪ್‌ನಲ್ಲಿ ಮಾತ್ರ ನೋಡಬಹುದು. ಔಟ್‌ಲುಕ್, ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶಗಳಿಗೆ ಜೋಡಿಸಲು ಬೇಕಾದ ಐಮ್ಯಾಪ್, ಪಾಪ್ ಸೌಲಭ್ಯಕ್ಕೆ ಹಣ ಕೊಡುವ ಯೋಜನೆಯೇ ಬೇಕು. ಗೂಗಲ್ ವರ್ಕ್‌ಸ್ಪೇಸ್‌ನ ಆರಂಭಿಕ ಯೋಜನೆಯಲ್ಲಿ ತಲಾ 30 ಜಿಬಿ ಇದೆ, ಆದರೆ ಮೇಲ್ ಮತ್ತು ಡ್ರೈವ್ ಎರಡಕ್ಕೂ ಸೇರಿ ಅಷ್ಟೇ. ಮೈಕ್ರೋಸಾಫ್ಟ್ 365 ಬಿಸಿನೆಸ್ ಬೇಸಿಕ್‌ನಲ್ಲಿ ಅಂಚೆಪೆಟ್ಟಿಗೆಯ ಜೊತೆ ಕಡತಗಳಿಗೆಂದೇ 1 ಟಿಬಿ ಒನ್‌ಡ್ರೈವ್ ಜಾಗ ಸಿಗುತ್ತದೆ. ವರ್ಡ್, ಎಕ್ಸೆಲ್ ಅದರಲ್ಲಿ ಬ್ರೌಸರ್ ಮತ್ತು ಮೊಬೈಲಿನಲ್ಲಷ್ಟೇ, ಕಂಪ್ಯೂಟರಿಗೆ ಇಳಿಸಿಕೊಳ್ಳುವ ಆವೃತ್ತಿಗೆ ಮೇಲಿನ ಯೋಜನೆ ಬೇಕು. ಈ ಒಂದು ಮಾತು ಮಾರುವವರ ಬಾಯಲ್ಲಿ ಬೇಗ ಬರುವುದಿಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ನಿಮ್ಮ ನಾಲ್ಕು ಜನಕ್ಕೆ ನಾಲ್ಕು ಖಾತೆ ಬೇಡ. ಪತ್ರ ಬರೆಯುವವರು ಇಬ್ಬರಿದ್ದರೆ ಎರಡು ಸಾಕು. ಜೋಹೊ ಉಚಿತದಲ್ಲೇ ಶುರು ಮಾಡಿ. ಆಟಿಕೆ ಫೋಟೊಗಳಿಂದ 5 ಜಿಬಿ ಬೇಗ ತುಂಬುತ್ತದೆ, ಆಗ ಹಣದ ಯೋಜನೆಗೆ ಏರಿ. ದಿನವಿಡೀ ಗೂಗಲ್ ಶೀಟ್‌ನಲ್ಲೇ ಸ್ಟಾಕ್ ಬರೆಯುವವರಾದರೆ ನೇರ ವರ್ಕ್‌ಸ್ಪೇಸ್ ಒಳ್ಳೆಯದು. ಫೋಟೊ ಕಳಿಸುವಾಗ ನೆನಪಿಡಿ: ಮೇಲ್‌ನಲ್ಲಿ ಲಗತ್ತಿಸಿದ ಕಡತ ದಾರಿಯಲ್ಲಿ ಮೂರನೇ ಒಂದರಷ್ಟು ಉಬ್ಬುತ್ತದೆ. 20 ಎಂಬಿ ಮಿತಿ ಇರುವ ಕಂಪನಿಗೆ 15 ಎಂಬಿ ದಾಟಿದ ಕಡತ ಹೋಗದು. ಅಂಥದ್ದಕ್ಕೆ ಲಿಂಕ್ ಕಳಿಸಿ.

ದರ ಹೋಲಿಸುವಾಗ ಶೇ 18 ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ಖಾತೆ ತೆರೆಯುವಾಗಲೇ ಜಿಎಸ್‌ಟಿ ಸಂಖ್ಯೆ ಕೊಟ್ಟರೆ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಆ ಅನುಕೂಲ ಇಲ್ಲ.

ಪ್ರಶ್ನೆ: ಸ್ವಂತ ಡೊಮೇನ್ ಇದೆ, ಹಣ ಕೊಟ್ಟ ಸೇವೆಯೇ ಇದೆ. ಆದರೂ ನಾವು ಕಳಿಸುವ ಮೆಣಸಿನಕಾಯಿ ಕೊಟೇಶನ್ ಗಿರಾಕಿಗಳ ಸ್ಪ್ಯಾಮ್‌ಗೆ ಬೀಳುತ್ತಿದೆ. ಏಕೆ? (ಬ್ಯಾಡಗಿ)

ಉತ್ತರ: ಹೆಚ್ಚಿನ ಕಡೆ ಕಾರಣ ಪತ್ರದಲ್ಲಿ ಇರುವುದಿಲ್ಲ, ಡೊಮೇನಿನ ಡಿಎನ್‌ಎಸ್ ಪುಟದಲ್ಲಿ, ಅಂದರೆ ಅದರ ಮೇಲ್, ಸೈಟ್ ಎಲ್ಲಿವೆ ಎಂದು ಬರೆದಿಡುವ ದಾಖಲೆಪಟ್ಟಿಯಲ್ಲಿ ಇರುತ್ತದೆ. ‘ಈ ಹೆಸರಿನಲ್ಲಿ ಪತ್ರ ಕಳಿಸಲು ಇಂಥ ಸರ್ವರ್‌ಗಳಿಗೆ ಅನುಮತಿ ಇದೆ’ ಎಂದು ಹೇಳುವ ಸಾಲು ಎಸ್‌ಪಿಎಫ್. ಪತ್ರಕ್ಕೆ ಹಾಕುವ ಡಿಜಿಟಲ್ ಮೊಹರು ಡಿಕಿಮ್. ಇವೆರಡೂ ತಾಳೆಯಾಗದ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವುದು ಡಿಮಾರ್ಕ್. ಜಿಮೇಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ಈ ವಿಷಯದಲ್ಲಿ ಬಿಗಿಯಾಗಿವೆ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಮೂರೂ ಕಡ್ಡಾಯ. ನಿಮ್ಮಂಥವರಿಗೆ ಮೊದಲೆರಡರಲ್ಲಿ ಒಂದಿದ್ದರೂ ನಡೆದೀತು, ಆದರೆ ಮೂರನ್ನೂ ಹಾಕಿಬಿಡುವುದೇ ಜಾಣತನ.

ಪರೀಕ್ಷೆ ಸುಲಭ. ಯಾವುದಾದರೂ ಜಿಮೇಲ್ ವಿಳಾಸಕ್ಕೆ ಪತ್ರ ಕಳಿಸಿ, ಅಲ್ಲಿ ಕಂಪ್ಯೂಟರಿನಲ್ಲಿ ತೆರೆದು, ಮೂರು ಚುಕ್ಕಿಯ ಮೆನುವಿನಿಂದ ‘ಶೋ ಒರಿಜಿನಲ್’ ಒತ್ತಿ. ಮೂರರ ಮುಂದೂ ‘ಪಾಸ್’ ಎಂದಿರಬೇಕು.

ಇಲ್ಲದಿದ್ದರೆ ಈ ಎಡವಟ್ಟುಗಳನ್ನು ಹುಡುಕಿ. ಒಂದು ಡೊಮೇನಿಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಹಳೆಯ ಹೋಸ್ಟಿಂಗ್‌ನದೊಂದು, ಹೊಸ ಸೇವೆಯದೊಂದು ಎಂದು ಎರಡು ಉಳಿದಿದ್ದರೆ ಎರಡೂ ಕೆಲಸಕ್ಕೆ ಬಾರವು. ಎರಡನ್ನೂ ಒಂದೇ ಸಾಲಿಗೆ ಸೇರಿಸಬೇಕು, ಬಿಲ್ಲಿಂಗ್ ಸಾಫ್ಟ್‌ವೇರ್ ಬೇರೆ ಸರ್ವರ್‌ನಿಂದ ಬಿಲ್ ಕಳಿಸುತ್ತಿದ್ದರೆ ಅದನ್ನೂ. ಹಾಗೆಂದು ಕಂಡದ್ದನ್ನೆಲ್ಲ ತುಂಬಬೇಡಿ: ಆ ಸಾಲು ಓದಲು 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಬೇಕಾದರೆ ಅದೂ ವಿಫಲವೇ. ಡಿಕಿಮ್ ಕೀ ಉದ್ದವಾದ ಅಕ್ಷರಮಾಲೆ, ಕೆಲವು ಡಿಎನ್‌ಎಸ್ ಪುಟಗಳು 255 ಅಕ್ಷರಕ್ಕೆ ಅದನ್ನು ಕತ್ತರಿಸಿಬಿಡುತ್ತವೆ. ಉಳಿಸಿದ ಮೇಲೆ ಕೊನೆಯವರೆಗೂ ಬಂದಿದೆಯೇ ನೋಡಿ. ಇನ್ನು ಕೆಲವು ಪುಟಗಳು ನೀವು ಬರೆದ ಹೆಸರಿನ ಕೊನೆಗೆ ಡೊಮೇನನ್ನು ತಾವೇ ಅಂಟಿಸುತ್ತವೆ. ನೀವೂ ಬರೆದಿದ್ದರೆ ಡೊಮೇನ್ ಎರಡು ಸಲ ಆಗಿ, ಆ ದಾಖಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಡಿಮಾರ್ಕ್ ಅನ್ನು ಮೊದಲ ದಿನವೇ ‘ರಿಜೆಕ್ಟ್’ಗೆ (ತಿರಸ್ಕರಿಸು) ಇಡಬೇಡಿ. ‘ನನ್’ (none, ಏನೂ ಮಾಡಬೇಡ) ಎಂದಿಟ್ಟು ಕೆಲವು ವಾರ ವರದಿ ನೋಡಿ, ಎಲ್ಲ ಸರಿಯಿದ್ದರೆ ‘ಕ್ವಾರಂಟೈನ್’ಗೆ (ಸ್ಪ್ಯಾಮ್‌ಗೆ ಹಾಕು) ಏರಿಸಿ. ಇವೆಲ್ಲ ಸರಿಯಿದ್ದೂ 300 ಗಿರಾಕಿಗಳಿಗೆ ಒಂದೇ ಸಲ ದರಪಟ್ಟಿ ಬಿಸಿಸಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಪ್ರತಿ) ಮಾಡಿದರೆ ಸ್ಪ್ಯಾಮ್ ಆಗುವುದು ಸಹಜ. ಆ ಕೆಲಸಕ್ಕೆ ಬಲ್ಕ್ ಮೇಲ್ ಸೇವೆಗಳೇ ಬೇರೆ ಇವೆ.

ಪ್ರಶ್ನೆ: ವೆಬ್‌ಸೈಟ್ ಹೋಸ್ಟಿಂಗ್ ಜೊತೆ ಉಚಿತವಾಗಿ ಬಂದ ವೆಬ್‌ಮೇಲ್ ಬಳಸುತ್ತಿದ್ದೇವೆ. ಈಗ ಬೇರೆ ಸೇವೆಗೆ ಹೋಗಬೇಕು. ಹಳೆಯ ಪರ್ಚೇಸ್ ಆರ್ಡರ್‌ಗಳು ಕಳೆಯಬಾರದು, ಒಂದು ದಿನವೂ ಮೇಲ್ ನಿಲ್ಲಬಾರದು. (ಫೌಂಡ್ರಿ ಘಟಕ, ಬೆಳಗಾವಿ)

ಉತ್ತರ: ಕ್ರಮ ತಪ್ಪದಿದ್ದರೆ ಎರಡೂ ಸಾಧ್ಯ. ಶನಿವಾರ ಸಂಜೆ ಒಳ್ಳೆಯ ಸಮಯ.

ಮೊದಲು ಹೊಸ ಸೇವೆಯಲ್ಲಿ ಈಗಿರುವ ಪ್ರತಿಯೊಂದು ವಿಳಾಸವನ್ನೂ ಸೃಷ್ಟಿಸಿ, ಯಾರೂ ನೋಡದ ಅಕೌಂಟ್ಸ್, ಸ್ಟೋರ್ಸ್ ವಿಳಾಸಗಳನ್ನೂ. ಸರ್ವರ್ ಸಿಗದಿದ್ದರೆ ಕಳಿಸುವ ಕಡೆಯವರು ಕೆಲವು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ. ಆದರೆ ಸರ್ವರ್ ಸಿಕ್ಕಿ ‘ಇಂಥ ವಿಳಾಸ ಇಲ್ಲ’ ಎಂದರೆ ಪತ್ರ ಆ ಕ್ಷಣವೇ ವಾಪಸ್. ಎರಡನೆಯದಾಗಿ, ಒಂದೆರಡು ದಿನ ಮೊದಲೇ ಎಂಎಕ್ಸ್ ದಾಖಲೆಯ (ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್ ಸಾಲು) ಟಿಟಿಎಲ್ ಅನ್ನು, ಅಂದರೆ ಉಳಿದ ಸರ್ವರ್‌ಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ, ಬದಲಾವಣೆ ಬೇಗ ಹರಡುತ್ತದೆ. ಆಮೇಲೆ ಹೊಸ ಸೇವೆಯ ಮೈಗ್ರೇಶನ್ ಸಾಧನದಿಂದ ಐಮ್ಯಾಪ್ ಮೂಲಕ ಹಳೆಯ ಪತ್ರಗಳನ್ನು ಎಳೆದುಕೊಳ್ಳಿ. ಯಾರಾದರೂ ಔಟ್‌ಲುಕ್‌ನಲ್ಲಿ ಪಾಪ್ (ಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಧಾನ) ಇಟ್ಟುಕೊಂಡಿದ್ದರೆ ಅವರ ಹಳೆಯ ಪತ್ರಗಳು ಸರ್ವರ್‌ನಲ್ಲಿ ಇಲ್ಲದೇ ಇರಬಹುದು, ಆ ಕಂಪ್ಯೂಟರಿನಲ್ಲಷ್ಟೇ ಇರುತ್ತವೆ. ಅದರ ಪಿಎಸ್‌ಟಿ ಕಡತ (ಔಟ್‌ಲುಕ್ ಪತ್ರಗಳನ್ನು ಕೂಡಿಡುವ ಕಡತ) ಪ್ರತ್ಯೇಕವಾಗಿ ತೆಗೆದಿಡಿ. ಈಗ ಎಂಎಕ್ಸ್ ಬದಲಿಸಿ, ಹಳೆಯ ಎಂಎಕ್ಸ್ ಸಾಲುಗಳನ್ನು ಪೂರ್ತಿ ಅಳಿಸಿ. ಎರಡು ದಿನ ಕಳೆದು ಇನ್ನೊಮ್ಮೆ ಮೈಗ್ರೇಶನ್ ಓಡಿಸಿದರೆ ನಡುವೆ ಹಳೆಯ ಪೆಟ್ಟಿಗೆಗೆ ಬಿದ್ದವೂ ಬರುತ್ತವೆ.

ಇಷ್ಟಾದ ಮೇಲೂ ಒಂದು ದೂರು ಬರುತ್ತದೆ: ‘ಬೇರೆ ಎಲ್ಲ ಬರ್ತಿದೆ, ವೆಬ್‌ಸೈಟಿನ ಎನ್‌ಕ್ವೈರಿ ಫಾರಂ ಮಾತ್ರ ಬರ್ತಿಲ್ಲ’ ಎಂದು. ಹಳೆಯ ಹೋಸ್ಟಿಂಗ್ ಸರ್ವರ್ ಈ ಡೊಮೇನಿನ ಮೇಲ್ ಇನ್ನೂ ತನ್ನದೇ ಎಂದು ತಿಳಿದು ಒಳಗೇ ಹಳೆಯ ಪೆಟ್ಟಿಗೆಗೆ ಹಾಕುತ್ತಿರುತ್ತದೆ. ಹೋಸ್ಟಿಂಗ್‌ನ ನಿಯಂತ್ರಣ ಪುಟವಾದ ಸಿಪ್ಯಾನೆಲ್‌ನಲ್ಲಿ ‘ಇಮೇಲ್ ರೂಟಿಂಗ್’ ಅನ್ನು ‘ರಿಮೋಟ್’ಗೆ ಬದಲಿಸಿದರೆ ಸರಿಹೋಗುತ್ತದೆ. ಮುಂದೆ ವೆಬ್‌ಸೈಟ್ ಹೊಸದಾಗಿ ಮಾಡಿಸುವಾಗ ಡೆವಲಪರ್ ನೇಮ್‌ಸರ್ವರ್ (ಡಿಎನ್‌ಎಸ್ ಸಾಲುಗಳನ್ನು ಇಡುವ ಸರ್ವರ್) ಬದಲಿಸುವುದಾದರೆ, ಎಂಎಕ್ಸ್ ಮತ್ತು ಉಳಿದ ಸಾಲುಗಳನ್ನು ಹೊಸ ಕಡೆಗೆ ನಕಲು ಮಾಡಿಸಿಯೇ ಬಿಡಿ. ಇಲ್ಲದಿದ್ದರೆ ಸೈಟ್ ಚೆನ್ನಾಗಿ ತೆರೆದುಕೊಳ್ಳುತ್ತದೆ, ಮೇಲ್ ಮಾತ್ರ ಸದ್ದಿಲ್ಲದೆ ನಿಂತಿರುತ್ತದೆ.

ಹಳೆಯ ಪತ್ರ ಎಷ್ಟು ವರ್ಷ ಇಡಬೇಕು? ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕದ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಇಡಬೇಕು. ಬಿಲ್, ಆರ್ಡರ್ ಇರುವ ಮೇಲ್‌ಗಳಿಗೂ ಅದೇ ಅಳತೆ ಇಟ್ಟುಕೊಳ್ಳಿ.

ಪ್ರಶ್ನೆ: ಸೇಲ್ಸ್, ಇನ್ಫೋ, ಅಕೌಂಟ್ಸ್ ಎಂದು ಮೂರು ವಿಳಾಸ ಬೇಕು. ಮೂರಕ್ಕೂ ಹಣ ಕೊಡಬೇಕೆ? (ಮೈಸೂರು)

ಉತ್ತರ: ಬೇಡ. ನೋಡುವವರು ಒಬ್ಬರೇ ಆದರೆ ಮೂರನ್ನೂ ಒಂದು ಖಾತೆಗೆ ‘ಅಲಿಯಾಸ್’ (ಅದೇ ಪೆಟ್ಟಿಗೆಗೆ ಬರುವ ಇನ್ನೊಂದು ವಿಳಾಸ) ಮಾಡಿ. ಇಬ್ಬರು ಮೂವರು ನೋಡಬೇಕಾದರೆ ‘ಗ್ರೂಪ್’ (ಎಲ್ಲರಿಗೂ ಪ್ರತಿ ಹೋಗುವ ವಿಳಾಸ) ಮಾಡಿ. ಇವೆರಡಕ್ಕೂ ಹೆಚ್ಚಿನ ಖಾತೆ ಬೇಕಾಗದು. ಒಂದೇ ಪಾಸ್‌ವರ್ಡನ್ನು ಮೂವರಿಗೆ ಹಂಚುವುದೊಂದು ಬೇಡ: ಒಟಿಪಿ ಯಾರ ಫೋನಿಗೆ ಹೋಯಿತೆಂಬ ಜಗಳ ದಿನಾ ಇರುತ್ತದೆ.

ಪ್ರಶ್ನೆ: ಕನ್ನಡ ಅಕ್ಷರದಲ್ಲೇ ಇಮೇಲ್ ವಿಳಾಸ ಇಟ್ಟುಕೊಳ್ಳಬಹುದೆ? (ಧಾರವಾಡ)

ಉತ್ತರ: ‘ಡಾಟ್ ಭಾರತ’ ಕನ್ನಡ ಲಿಪಿಯಲ್ಲಿಯೂ ಇದೆ, ಅಂಥ ವಿಳಾಸಗಳ ಜೊತೆ ಪತ್ರ ವಿನಿಮಯವನ್ನು ಜಿಮೇಲ್ 2014ರಿಂದ ಬೆಂಬಲಿಸುತ್ತದೆ. ಆದರೆ ಬಹಳಷ್ಟು ಆನ್‌ಲೈನ್ ಅರ್ಜಿಗಳು ಅದನ್ನು ‘ತಪ್ಪು ವಿಳಾಸ’ ಎಂದು ತಳ್ಳಿಹಾಕುತ್ತವೆ. ಇಂಗ್ಲಿಷ್ ಅಕ್ಷರದ್ದನ್ನು ಮುಖ್ಯವಾಗಿಟ್ಟು, ಇದನ್ನು ಜೊತೆಗಿಟ್ಟುಕೊಳ್ಳಿ.

ಪ್ರಶ್ನೆ: ಅಕೌಂಟೆಂಟ್ ಕೆಲಸ ಬಿಟ್ಟರು. ಜಿಎಸ್‌ಟಿ ಒಟಿಪಿ ಅವರ ಸ್ವಂತ ಜಿಮೇಲ್‌ಗೆ ಹೋಗುತ್ತಿದೆ. ಇದರ ನಡುವೆ ನಮ್ಮ ಹೆಸರಿನಲ್ಲಿ ‘ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಮೇಲ್ ಒಬ್ಬ ಗಿರಾಕಿಗೆ ಹೋಗಿದೆ. (ದಾವಣಗೆರೆ)

ಉತ್ತರ: ಎರಡನೆಯದು ಮೊದಲು. ಗಿರಾಕಿ ಹಣ ಹಾಕಿಬಿಟ್ಟಿದ್ದರೆ ತಡಮಾಡದೆ ಅವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ತಮ್ಮ ಬ್ಯಾಂಕಿಗೂ ತಿಳಿಸಲಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನೀವು ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸಿ, ಎರಡು ಹಂತದ ಪರಿಶೀಲನೆ ಹಾಕಿ. ಪಾಸ್‌ವರ್ಡ್ ಬದಲಿಸಿದರೂ ಉಳಿಯುವುದು ಫಾರ್ವರ್ಡಿಂಗ್ ಮತ್ತು ಫಿಲ್ಟರ್: ಒಳನುಗ್ಗಿದವರು ‘ಇನ್‌ವಾಯ್ಸ್’ ಎಂಬ ಪದವಿರುವ ಪತ್ರ ತಮಗೆ ಬರುವಂತೆ ನಿಯಮ ಬರೆದಿಟ್ಟಿರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹುಡುಕಿ ಅಳಿಸಿ, ಅಳಿಸುವ ಮುನ್ನ ದೂರಿಗಾಗಿ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಮೇಲ್ ನಿಮ್ಮ ಖಾತೆಯಿಂದಲೇ ಹೋಗಿರಬೇಕೆಂದೇನಿಲ್ಲ. ಗಿರಾಕಿಯಿಂದ ಮೂಲ ಪತ್ರ ತರಿಸಿ, ಡೊಮೇನಿನ ಒಂದೊಂದು ಅಕ್ಷರವನ್ನೂ ನೋಡಿ, ನಿಮ್ಮದರಂತೆಯೇ ಕಾಣುವ ಬೇರೆ ಡೊಮೇನ್ ಇರಬಹುದು.

ಜಿಎಸ್‌ಟಿ ವಿಷಯಕ್ಕೆ, ಪೋರ್ಟಲ್‌ನಲ್ಲಿ ‘ನಾನ್ ಕೋರ್’ (ಮೂಲಭೂತವಲ್ಲದ ವಿವರಗಳ) ತಿದ್ದುಪಡಿಯಡಿ ಅಧಿಕೃತ ಸಹಿದಾರರ ಇಮೇಲ್ ಮತ್ತು ಮೊಬೈಲ್ ಬದಲಿಸಬಹುದು. ಹೊಸ ವಿಳಾಸ ವ್ಯಕ್ತಿಯ ಹೆಸರಿನದು ಬೇಡ, ನಿಮ್ಮ ಡೊಮೇನಿನ ‘ಟ್ಯಾಕ್ಸ್’ ಎಂಬಂಥ ವಿಳಾಸ ಕೊಡಿ. ಕೆಲಸ ಬಿಟ್ಟವರ ಕಚೇರಿ ಖಾತೆ ಏನಾದರೂ ಇದ್ದರೆ ಅದನ್ನೂ ಕೂಡಲೇ ಅಳಿಸಬೇಡಿ. ಪಾಸ್‌ವರ್ಡ್ ಬದಲಿಸಿ, ಪತ್ರಗಳನ್ನು ಇನ್ನೊಂದು ಖಾತೆಗೆ ವರ್ಗಾಯಿಸಿ, ಆಮೇಲೆ ಖಾತೆ ಅಳಿಸಿ, ಆ ವಿಳಾಸವನ್ನು ಹೊಸಬರ ಖಾತೆಗೆ ಅಲಿಯಾಸ್ ಮಾಡಿ.