15,000 ರೂಪಾಯಿ ಒಳಗೆ ಯಾವ ಗೇಮಿಂಗ್ ರೂಟರ್ ತಗೊಳ್ಳಲಿ? ಡಿಎಂಝಡ್ ಆನ್ ಮಾಡಿದರೆ ಏನಾದರೂ ತೊಂದರೆ ಇದೆಯಾ?

ಹಗಲು 30 ಇರುವ ಪಿಂಗ್ (ಪ್ಯಾಕೆಟ್ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು) ಸಂಜೆ 200ಕ್ಕೆ ಹಾರುತ್ತೆ, ಕಾಲ್ ಆಫ್ ಡ್ಯೂಟಿಯಲ್ಲಿ ನ್ಯಾಟ್ (ಮನೆಯ ಸಾಧನಗಳನ್ನೆಲ್ಲ ಒಂದೇ ಹೊರಗಿನ ವಿಳಾಸದ ಹಿಂದೆ ಇಡುವ ವ್ಯವಸ್ಥೆ) 'ಸ್ಟ್ರಿಕ್ಟ್' ಅಂತ ತೋರಿಸುತ್ತೆ, ಯಾರೋ ವಿಡಿಯೋದಲ್ಲಿ ಡಿಎಂಝಡ್ (ಹೊರಗಿಂದ ಬರುವುದನ್ನೆಲ್ಲ ಒಂದೇ ಸಾಧನಕ್ಕೆ ಬಿಡುವ ರೂಟರಿನ ಸ್ವಿಚ್) ಆನ್ ಮಾಡಿ ಅಂದಿದ್ದಾರೆ. ನಾಲ್ಕು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನೂ ಕೇಳಿದ್ದೆ. ರೂಟರಿನ ಮಾತು ಆಮೇಲೆ ಆಡೋಣ. ಡಿಎಂಝಡ್ ಈಗಾಗಲೇ ಆನ್ ಮಾಡಿದ್ದರೆ ಎದ್ದು ಹೋಗಿ ಆಫ್ ಮಾಡಿ, ಬಂದು ಮುಂದೆ ಓದಿ.

ನಾನು ಎಂಟು ಆಂಟೆನಾದ, ಕೆಂಪು ದೀಪ ಮಿನುಗುವ ದುಬಾರಿ ರೂಟರ್ ತಂದು, ಫೈಬರ್ ಕಂಪನಿಯವರು ಕೊಟ್ಟಿದ್ದ, ಫೈಬರ್ ತಂತಿ ಬಂದು ಸೇರುವ ಡಬ್ಬಕ್ಕೆ, ಅಂದರೆ ಓಎನ್‌ಟಿಗೆ ಸಿಕ್ಕಿಸಿದೆ. ನ್ಯಾಟ್ ಅಲ್ಲಾಡಲಿಲ್ಲ, ಸ್ಟ್ರಿಕ್ಟ್ ಸ್ಟ್ರಿಕ್ಟೇ. ಯಾಕೆಂದರೆ ಆ ಓಎನ್‌ಟಿ ಬರೀ ಮೋಡೆಮ್ ಅಲ್ಲ, ಅದೂ ಒಂದು ರೂಟರ್. ಈಗ ಮನೆಗೆ ಎರಡು ಗೇಟು, ಎರಡು ಕಡೆ ಸೆಕ್ಯುರಿಟಿ. ಹೊರಗಿಂದ ಬಂದ ಪ್ಯಾಕೆಟ್ ಯಾವ ಫ್ಲ್ಯಾಟಿಗೆ ಅಂತ ಮೊದಲ ಗೇಟಿನವನಿಗೇ ಗೊತ್ತಿಲ್ಲ, ಅಲ್ಲೇ ಬಿಸಾಕುತ್ತಾನೆ. ಡಬಲ್ ನ್ಯಾಟ್ ಅನ್ನೋದು ಇದಕ್ಕೇ.

ಸರಿ ಅಂತ ಓಎನ್‌ಟಿಯಲ್ಲಿ ಡಿಎಂಝಡ್ ಆನ್ ಮಾಡಿ ನನ್ನ ರೂಟರಿನ ವಿಳಾಸ, 192.168.1.2, ಕೊಟ್ಟೆ. ಇಲ್ಲಿಯವರೆಗೆ ತಪ್ಪೇನಿಲ್ಲ. ಮೊದಲ ಗೇಟು ತೆರೆದರೂ ರೂಟರಿನ ಫೈರ್‌ವಾಲ್ ಎರಡನೇ ಗೇಟಾಗಿ ನಿಂತಿರುತ್ತೆ. ಆದರೆ ನ್ಯಾಟ್ 'ಮಾಡರೇಟ್'ಗೆ ಬಂದು ನಿಂತಿತು. ನನಗೆ 'ಓಪನ್' ಬೇಕಿತ್ತು. ರೂಟರಿನಲ್ಲೂ ಡಿಎಂಝಡ್ ಆನ್ ಮಾಡಿ ಗೇಮಿಂಗ್ ಪಿಸಿಯ ವಿಳಾಸ, 192.168.50.10, ಹಾಕಿದೆ. ಓಪನ್ ಬಂತು. ಸ್ಕ್ರೀನ್‌ಶಾಟ್ ತೆಗೆದು ಗೆಳೆಯರ ಗ್ರೂಪಿಗೂ ಹಾಕಿದೆ.

ತಪ್ಪು ಎಲ್ಲಿ ಆಯಿತು ಅನ್ನೋದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಏಕೆಂದರೆ ಆ ವಿಡಿಯೋಗಳಲ್ಲಿ ಇದನ್ನು ಯಾರೂ ಹೇಳಲ್ಲ. ಪೋರ್ಟುಗಳು, ಅಂದರೆ ಪಿಸಿಯ ನಂಬರ್ ಹಾಕಿದ ಬಾಗಿಲುಗಳು, ಇರುವುದು 65,535. ಆಟಕ್ಕೆ ಹೊರಗಿಂದ ಮುಖ್ಯವಾಗಿ ಬೇಕಾದದ್ದು ಒಂದು, ಯುಡಿಪಿ (ಆಟಗಳು ಬಳಸುವ ಪ್ಯಾಕೆಟ್ ಬಗೆ) 3074. ಡಿಎಂಝಡ್ ಅಂದರೆ ಬೇರೆ ಯಾವ ರೂಲಿಗೂ ಸೇರದ ಎಲ್ಲ ಪೋರ್ಟುಗಳ ಪ್ಯಾಕೆಟ್ಟನ್ನೂ ಆ ಒಂದು ಪಿಸಿಗೆ ಕಳಿಸು ಅಂತ. ಪಿಸಿಯಲ್ಲಿ ವಿಂಡೋಸ್ 10 ಪ್ರೊ ಇತ್ತು. ಆಫೀಸಿನಿಂದ ಒಮ್ಮೆ ಫೈಲ್ ತೆಗೆಯಬೇಕಾಗಿ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿದ್ದೆ, ಮತ್ತೆ ಆಫ್ ಮಾಡಿರಲಿಲ್ಲ. ಅದರ ಪೋರ್ಟ್ 3389. ವಿಂಡೋಸ್ ಫೈರ್‌ವಾಲ್ ತಡೆಯುತ್ತೆ ಅಂದುಕೊಂಡರೆ, ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿದಾಗಲೇ ಅದು ತನ್ನಲ್ಲಿ ಆ ಬಾಗಿಲು ತೆರೆದುಕೊಂಡಿರುತ್ತೆ. ಅದಕ್ಕೆ ಮನೆಯೊಳಗಿನ ಫೋನೂ ಒಂದೇ, ಎಲ್ಲೋ ಹೊರದೇಶದ ಸರ್ವರ್ರೂ ಒಂದೇ. ಪಾಸ್‌ವರ್ಡ್ ನನ್ನ ಹೆಸರು, ಮುಂದೆ 123.

ಹನ್ನೊಂದನೇ ದಿನ ಬೆಳಗ್ಗೆ ಎಲ್ಲ ಫೈಲುಗಳ ಬಾಲಕ್ಕೆ ಗುರುತಿಲ್ಲದ ಎಕ್ಸ್‌ಟೆನ್ಷನ್ ಅಂಟಿತ್ತು, ಡೆಸ್ಕ್‌ಟಾಪಿನಲ್ಲಿ ದುಡ್ಡು ಕೇಳುವ ಒಂದು ಟೆಕ್ಸ್ಟ್ ಫೈಲು. ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್ ತೆಗೆದರೆ 4625, 4625, 4625, ಸ್ಕ್ರೋಲ್ ಮಾಡಿದಷ್ಟೂ ಅದೇ. ಲಾಗಿನ್ ವಿಫಲವಾದದ್ದರ ನಂಬರ್ ಅದು. ಕೊನೆಗೆ ರಾತ್ರಿ ಮೂರರ ಸುಮಾರಿಗೆ ಒಂದು 4624, ಲಾಗಾನ್ ಟೈಪ್ 10. ಅಂದರೆ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಒಳಗೆ ಬಂದದ್ದು.

ಹೆಸರೇ ಮೋಸದ್ದು. ದೊಡ್ಡ ಆಫೀಸುಗಳಲ್ಲಿ ಡಿಎಂಝಡ್ ಅಂದರೆ ಒಳಗಿನ ನೆಟ್‌ವರ್ಕಿನಿಂದ ಬೇರ್ಪಡಿಸಿಟ್ಟ ತುಂಡು, ಅಲ್ಲಿಯ ಸರ್ವರ್ ಕೆಟ್ಟರೂ ಒಳಗೆ ದಾರಿ ಇರಲ್ಲ. ಮನೆ ರೂಟರಿನ ಡಿಎಂಝಡ್‌ನಲ್ಲಿ ಆ ಗೋಡೆ ಇಲ್ಲ. ಪಿಸಿ ನಿಮ್ಮ ನೆಟ್‌ವರ್ಕಿನೊಳಗೇ ಕೂತಿರುತ್ತೆ, ಅದು ಹೋದರೆ ಟಿವಿ, ಕ್ಯಾಮೆರಾ, ಹೆಂಡತಿಯ ಲ್ಯಾಪ್‌ಟಾಪ್ ಎಲ್ಲಕ್ಕೂ ಅಲ್ಲಿಂದಲೇ ದಾರಿ.

ಮಾಡಬೇಕಾದದ್ದು ಇಷ್ಟು. ಮೊದಲು ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರಿನ ಹೊರಬದಿಯ ವಿಳಾಸ) ನೋಡಿ. ಓಎನ್‌ಟಿ ಬೇರೆ ಇದ್ದರೆ ಅದರ ಪುಟದಲ್ಲಿ ನೋಡಿ. 100.64ರಿಂದ 100.127ರವರೆಗಿನ ಯಾವುದರಿಂದಾದರೂ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಒಂದೇ ಐಪಿಯನ್ನು ಎಷ್ಟೋ ಮನೆಗಳ ಜೊತೆ ಹಂಚಿಕೊಂಡಿದ್ದೀರಿ. ಆಗ ಯಾವ ರೂಟರ್ ತಂದರೂ, ಯಾವ ಸ್ವಿಚ್ ಒತ್ತಿದರೂ ನ್ಯಾಟ್ ತೆರೆಯಲ್ಲ. ಕಂಪನಿಗೆ ಫೋನ್ ಮಾಡಿ ಸ್ಟ್ಯಾಟಿಕ್ ಐಪಿ (ನಿಮಗಷ್ಟೇ ಮೀಸಲಾದ, ಬದಲಾಗದ ವಿಳಾಸ) ಕೇಳಿ, ಬೇರೆ ದುಡ್ಡು ಹಾಕುತ್ತಾರೆ. ನಾನು ಹಾಗೇ ತಗೊಂಡಿದ್ದೆ. ಆಮೇಲೆ ಓಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಬರೀ ಮೋಡೆಮ್ ಆಗುವಂತೆ) ಹಾಕಿಸಿ, ಕಂಪನಿಯ ಲೈನಿಗೆ ಲಾಗಿನ್ ಆಗುವ ಪಿಪಿಪಿಓಇ ಯೂಸರ್‌ನೇಮ್, ಪಾಸ್‌ವರ್ಡ್ ನಿಮ್ಮ ರೂಟರಿಗೆ ಕೊಡಿ. ಓಎನ್‌ಟಿಯಲ್ಲಿ ಲ್ಯಾಂಡ್‌ಲೈನ್ ಇದ್ದರೆ ಟೆಕ್ನಿಷಿಯನ್‌ಗೆ ಮೊದಲೇ ಹೇಳಿ, ಬ್ರಿಡ್ಜ್ ಮಾಡುವಾಗ ಫೋನ್ ಸತ್ತುಹೋಗೋದುಂಟು. ರೂಟರಿನಲ್ಲಿ ಪಿಸಿಗೆ ಡಿಎಚ್‌ಸಿಪಿ ರಿಸರ್ವೇಷನ್ ಮಾಡಿ ಒಂದೇ ವಿಳಾಸ ಕಾಯಂ ಮಾಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ವಿಳಾಸ ಬದಲಾಗಿ ರೂಲ್ ಇನ್ಯಾವುದೋ ಫೋನಿಗೆ ಹೋಗುತ್ತೆ. ಆ ವಿಳಾಸಕ್ಕೆ ಯುಡಿಪಿ 3074 ಒಂದನ್ನೇ ಫಾರ್ವರ್ಡ್ ಮಾಡಿ (ಆ ಪೋರ್ಟಿಗೆ ಬಂದದ್ದನ್ನಷ್ಟೇ ಪಿಸಿಗೆ ಕಳಿಸುವ ರೂಲ್), ಆಟ ಮುಚ್ಚಿ ತೆರೆಯಿರಿ.

ಯುಪಿಎನ್‌ಪಿ ಆನ್ ಮಾಡಿದರೆ ಇದೇ ಕೆಲಸ ತಾನಾಗೇ ಆಗುತ್ತಲ್ಲ ಅನ್ನುತ್ತಾರೆ. ಆಗುತ್ತೆ. ಜೊತೆಗೆ ಗೇಟಿನ ಮೇಲಿರುವ ಸಿಸಿಟಿವಿಯ ಡಿವಿಆರ್ ಕೂಡ ನಿಮ್ಮನ್ನು ಕೇಳದೆ ತನಗೊಂದು ಪೋರ್ಟ್ ತೆರೆದುಕೊಳ್ಳುತ್ತೆ. ನಾನು ಆಫ್ ಇಟ್ಟಿದ್ದೇನೆ.

ಈಗ 200ರ ಪಿಂಗ್. ಇದಕ್ಕೂ ನ್ಯಾಟ್‌ಗೂ ಸಂಬಂಧ ಇಲ್ಲ, ಗೇಮಿಂಗ್ ರೂಟರಿಗೂ ಸಂಬಂಧ ಇಲ್ಲ. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತೆ. ಬೆಂಗಳೂರಿನಿಂದ ಮುಂಬೈ ನೇರ ಗೆರೆಯಲ್ಲಿ 850 ಕಿ.ಮೀ. ಹತ್ತಿರ, ಹೋಗಿ ಬರೋದಕ್ಕೇ ಎಂಟೂವರೆ ಮಿಲಿಸೆಕೆಂಡು. ಕೇಬಲ್ ಸುತ್ತಿಕೊಂಡು ಹೋಗುವುದರಿಂದ ಇನ್ನೂ ಜಾಸ್ತಿ. ಅದನ್ನು ಎಂಟು ಆಂಟೆನಾ ಕಡಿಮೆ ಮಾಡಲಾರದು. ರೂಟರ್ ಕೆಡಿಸಬಲ್ಲದು ಅಥವಾ ಕೆಡಿಸದೆ ಇರಬಲ್ಲದು, ಅಷ್ಟೇ.

ಎಲ್ಲಿ ಕೆಡುತ್ತಿದೆ ಅಂತ ನೋಡಲು ಎರಡು ಕಮಾಂಡ್ ವಿಂಡೋ ತೆರೆದು, ಒಂದರಲ್ಲಿ ರೂಟರಿನ ವಿಳಾಸಕ್ಕೆ, ಇನ್ನೊಂದರಲ್ಲಿ ಗೂಗಲ್ ಸರ್ವರಿನ 8.8.8.8ಕ್ಕೆ ನಿಲ್ಲದ ಪಿಂಗ್ ಹಾಕಿ ಸಂಜೆ ಹತ್ತು ನಿಮಿಷ ಬಿಡಿ. ರೂಟರಿನ ಪಿಂಗೇ 1-2ರಿಂದ 80ಕ್ಕೆ ಹಾರಿದರೆ ವೈಫೈ ತೊಂದರೆ. ಅದು ಅಲ್ಲಾಡದೆ 8.8.8.8 ಮಾತ್ರ ಹಾರಿದರೆ, ಮನೆಯಲ್ಲಿ ಯಾರದೋ ಫೋನ್ ಫೋಟೋ ಬ್ಯಾಕಪ್ ಮಾಡುತ್ತಾ ಅಪ್‌ಲೋಡ್ ತುಂಬಿಸಿದೆಯಾ ನೋಡಿ. ನಿಮ್ಮ ಆಟದ ಸಣ್ಣ ಪ್ಯಾಕೆಟ್ ಆ ಫೋಟೋಗಳ ಕ್ಯೂ ಹಿಂದೆ ನಿಂತಿದೆ. ಬಫರ್‌ಬ್ಲೋಟ್ ಅಂದರೆ ಇದೇ. ಫೋನೆಲ್ಲ ಆಫ್ ಮಾಡಿದರೂ ಹಾರುತ್ತಿದ್ದರೆ ಅದು ಲೈನಿನದು, ಕಂಪನಿಗೇ ಕಂಪ್ಲೇಂಟ್ ಕೊಡಿ.

ವೈಫೈ ಆದರೆ ಪಿಸಿಗೆ ವೈರ್ ಎಳೆಯಿರಿ. ಬೇರೆ ಆಯ್ಕೆ ತೂಗಬೇಡಿ. ಕ್ಯಾಟ್ 6, ಶುದ್ಧ ತಾಮ್ರದ್ದು ಅಂತ ಕೇಳಿ ತಗೊಳ್ಳಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಲ್ಲೂ ಸುಮ್ಮನೆ ಕೇಬಲ್ ಅಂದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂದು ಕೈಗೆ ಬರಬಹುದು. ಕನೆಕ್ಟರ್ ಕ್ರಿಂಪ್ ಮಾಡುವಾಗ ಎರಡೂ ತುದಿಯಲ್ಲಿ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ ಅಥವಾ ಕಂದು ಜೋಡಿ ಸರಿಯಾಗಿ ಕೂರದಿದ್ದರೂ ನೆಟ್ ಬರುತ್ತೆ, ಆದರೆ ಲಿಂಕ್ ಸ್ಪೀಡ್ 1 ಗಿಗಾಬಿಟ್ ಬದಲು 100 ಮೆಗಾಬಿಟ್ಟಿಗೆ ನಿಲ್ಲುತ್ತೆ.

ಫೋನಿನಲ್ಲಿ ಆಡುವವರಿಗೆ ವೈರ್ ಇಲ್ಲ. 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರಿಟ್ಟು ಫೋನನ್ನು ಅದಕ್ಕೇ ಕಟ್ಟಿ. ಚಾನೆಲ್ 36-48 ಅಥವಾ 149-161 ಇಡಿ. 52ರಿಂದ 144ರವರೆಗಿನವು ರಾಡಾರ್ ಜೊತೆ ಹಂಚಿಕೊಂಡವು, ರಾಡಾರ್ ಕೇಳಿಸಿದರೆ ರೂಟರ್ ಆಟದ ಮಧ್ಯೆಯೇ ಚಾನೆಲ್ ಬಿಟ್ಟು ಓಡುತ್ತೆ.

ಕ್ಯೂ ತೊಂದರೆಯಾದರೆ, ಕ್ಯೂ ಉದ್ದವಾಗದಂತೆ ನೋಡಿಕೊಳ್ಳುವ ರೂಟರ್ ಸೌಲಭ್ಯ ಎಸ್‌ಕ್ಯೂಎಂ ಬೇಕು. ರೂಟರ್ ಆರಿಸುವಾಗ ನಾನು ಈಗ ನೋಡೋದು ಇದನ್ನೇ: ಎಸ್‌ಕ್ಯೂಎಂ ಇದೆಯಾ, ಅಥವಾ ಓಪನ್‌ಡಬ್ಲ್ಯೂಆರ್‌ಟಿ (ರೂಟರಿನೊಳಗೆ ಹಾಕುವ ಉಚಿತ ಬದಲಿ ಸಾಫ್ಟ್‌ವೇರ್) ಹಾಕಲು ಬರುತ್ತಾ, ವ್ಯಾನ್ ಪೋರ್ಟ್ ಗಿಗಾಬಿಟ್ಟೇ, ಫರ್ಮ್‌ವೇರ್ ಅಪ್‌ಡೇಟ್ ಈಚೆಗೆ ಬಂದಿದೆಯಾ. ಡಬ್ಬದ ಮೇಲಿನ ಎಎಕ್ಸ್ 5400 ತರಹದ ಸಂಖ್ಯೆ ಎಲ್ಲ ಬ್ಯಾಂಡುಗಳನ್ನೂ ಕೂಡಿಸಿ ಬರೆದದ್ದು, ಒಂದು ಫೋನಿಗೆ ಅಷ್ಟು ಸಿಗಲ್ಲ. 100 ಎಂಬಿಪಿಎಸ್ ಪ್ಲಾನ್ ಇದ್ದರೆ ಎಸ್‌ಕ್ಯೂಎಂನಲ್ಲಿ ಅಪ್, ಡೌನ್ ಎರಡಕ್ಕೂ 90 ಹಾಕಿ, ಕ್ಯೂ ಬಗೆಯಲ್ಲಿ ಕೇಕ್ ಆರಿಸಿ. ಆ ಹತ್ತು ಬಿಟ್ಟರೆ ಕ್ಯೂ ಓಎನ್‌ಟಿಯಲ್ಲಿ ಕಟ್ಟಲ್ಲ, ನಿಮ್ಮ ಹಿಡಿತದಲ್ಲಿರುವ ರೂಟರಿನಲ್ಲೇ ಕಟ್ಟುತ್ತೆ. 500ರ ಪ್ಲಾನ್ ಆದರೆ ಪ್ರೊಸೆಸರ್ ಗಟ್ಟಿ ಇರಬೇಕು, ಇಲ್ಲದಿದ್ದರೆ ಎಸ್‌ಕ್ಯೂಎಂ ಆನ್ ಆದ ಕೂಡಲೇ ವೇಗ ಬಿದ್ದುಹೋಗುತ್ತೆ.

ಉಳಿದ ಭದ್ರತೆ ಹತ್ತು ನಿಮಿಷದ ಕೆಲಸ. ಅಡ್ಮಿನ್ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. 2016ರ ಮಿರಾಯ್ ಬಾಟ್‌ನೆಟ್ (ವಶವಾದ ಸಾಧನಗಳ ಸೇನೆ) ಅರವತ್ತು ಚಿಲ್ಲರೆ ಫ್ಯಾಕ್ಟರಿ ಪಾಸ್‌ವರ್ಡುಗಳನ್ನಷ್ಟೇ ಹಿಡಿದುಕೊಂಡು ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್ ನುಂಗಿತು. ಅದನ್ನು ಬರೆದ ಹುಡುಗರು ಅದಕ್ಕೂ ಮುಂಚೆ ಗುರಿಯಿಟ್ಟು ಹೊಡೆಯುತ್ತಿದ್ದದ್ದು ಮೈನ್‌ಕ್ರಾಫ್ಟ್ ಸರ್ವರುಗಳಿಗೇ. ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಬದಲು ಪಿನ್ ಅಥವಾ ಗುಂಡಿಯಿಂದ ವೈಫೈ ಸೇರುವುದು) ಆಫ್ ಮಾಡಿ. ಅದರ ಪಿನ್ ಎಂಟು ಅಂಕಿಯದ್ದಾದರೂ ಎರಡು ಭಾಗವಾಗಿ ಪರೀಕ್ಷೆಯಾಗುವುದರಿಂದ, ಕೊನೆಯ ಅಂಕಿ ಮೊದಲ ಏಳರಿಂದ ಲೆಕ್ಕ ಸಿಗುವ ಬರೀ ಚೆಕ್‌ಸಮ್ ಆದ್ದರಿಂದ, ಹೆಚ್ಚೆಂದರೆ 11,000 ಪ್ರಯತ್ನಕ್ಕೆ ಸಿಕ್ಕುಬಿಡುತ್ತೆ. ರಿಮೋಟ್ ಮ್ಯಾನೇಜ್‌ಮೆಂಟ್ ಆಫ್. ವೈಫೈ ಭದ್ರತೆಗೆ ಡಬ್ಲ್ಯೂಪಿಎ 3, ಹಳೆಯ ಫೋನ್ ಇದ್ದರೆ ಡಬ್ಲ್ಯೂಪಿಎ 2 ಜೊತೆ ಸೇರಿಸಿದ್ದು. ಕ್ಯಾಮೆರಾ, ಸ್ಮಾರ್ಟ್ ಬಲ್ಬ್ ಎಲ್ಲ ಗೆಸ್ಟ್ ನೆಟ್‌ವರ್ಕಿಗೆ.

ಇಷ್ಟಕ್ಕೆ 15,000 ಬೇಡ, 100ರ ಪ್ಲಾನಿಗೆ ಅದರ ಮೂರನೇ ಒಂದು ಭಾಗದಲ್ಲಿ ಒಳ್ಳೆಯ ವೈಫೈ 6 ರೂಟರ್ ಸಿಗುತ್ತೆ. ಉಳಿದ ದುಡ್ಡಿನಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಳ್ಳಿ, ಬ್ಯಾಕಪ್ ಮುಗಿದ ಕೂಡಲೇ ಕಿತ್ತು ಬೀರುವಿನಲ್ಲಿಡಿ. ನನ್ನ ಹತ್ತಿರವೂ ಬ್ಯಾಕಪ್ ಡಿಸ್ಕ್ ಇತ್ತು. ಆ ರಾತ್ರಿ ಅದು ಪಿಸಿಗೆ ಸಿಕ್ಕಿಸಿದಂತೇ ಇತ್ತು.