ಜಿಯೊ–ಡಿಸ್ನಿ ವಿಲೀನದ ನಂತರ ತುಳು ಸಿನಿಮಾದ ಟಿವಿ, ಒಟಿಟಿ ಹಕ್ಕು ಮಾರುವುದು ಕಷ್ಟವೇ?

ಉಡುಪಿ–ಮಂಗಳೂರಿನ ಸಣ್ಣ ಬಜೆಟ್ ನಿರ್ಮಾಪಕರಿಗೆ ಹೌದು, ತುಸು ಕಷ್ಟವೇ. 2024ರ ನವೆಂಬರ್ 14ಕ್ಕೆ ರಿಲಯನ್ಸ್‌ನ ವಯಾಕಾಮ್ 18 ಮತ್ತು ಡಿಸ್ನಿಯ ಸ್ಟಾರ್ ಇಂಡಿಯಾ ಸೇರಿ 70,352 ಕೋಟಿ ರೂಪಾಯಿ ಮೌಲ್ಯದ ಕಂಪನಿಯಾಯಿತು. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಒಂದೇ ಮನೆಗೆ ಬಂದವು. 2025ರ ಫೆಬ್ರವರಿ 14ರಂದು ಇವರ ಜಿಯೊಸಿನಿಮಾ, ಡಿಸ್ನಿ+ ಹಾಟ್‌ಸ್ಟಾರ್ ಎಂಬ ಎರಡು ಆ್ಯಪ್‌ಗಳೂ ಸೇರಿ ಜಿಯೊಹಾಟ್‌ಸ್ಟಾರ್ ಆದವು. ಮೊದಲು ಒಬ್ಬರ ದರ ತೋರಿಸಿ ಇನ್ನೊಬ್ಬರ ಬಳಿ ಚೌಕಾಸಿ ಮಾಡಬಹುದಿತ್ತು, ಆ ದಾರಿ ಮುಚ್ಚಿತು. ಉಳಿದವರು ಜೀ, ಉದಯ, ಪ್ರೈಮ್ ವಿಡಿಯೊದಂಥವರು.

ಹಣ ಎತ್ತ ಹರಿಯುತ್ತದೆ ಎಂಬುದೂ ಮುಖ್ಯ. 2023–27ರ ಐಪಿಎಲ್ ಟಿವಿ ಹಕ್ಕಿಗೇ ಸ್ಟಾರ್ 23,575 ಕೋಟಿ ಒಪ್ಪಿಕೊಂಡಿತ್ತು. ಹೀಗೆ ಕ್ರಿಕೆಟ್‌ಗೆ ಕಟ್ಟಿಕೊಂಡ ಸಂಸ್ಥೆಗೆ ತುಳು ಸಿನಿಮಾ ಮೊದಲ ಆದ್ಯತೆಯಾಗುವುದು ಅಪರೂಪ.

ಹಾಗಾಗಿ ‘ಸಕಲ ಹಕ್ಕು, ಶಾಶ್ವತ’ ಎಂಬ ಒಂದೇ ಸಾಲಿಗೆ ಸಹಿ ಹಾಕಬೇಡಿ. ಟಿವಿ, ಒಟಿಟಿ, ಯೂಟ್ಯೂಬ್, ಡಬ್ಬಿಂಗ್, ರಿಮೇಕ್ ಹಕ್ಕುಗಳನ್ನು ಬೇರೆ ಬೇರೆ ಬರೆಸಿ. ಅವಧಿ ಐದೋ ಏಳೋ ವರ್ಷ ಎಂದು ಸ್ಪಷ್ಟವಿರಲಿ. ಕೊಲ್ಲಿ ದೇಶಗಳ ಹಕ್ಕನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ, ಅಲ್ಲಿನ ತುಳುವರೇ ಒಳ್ಳೆಯ ಮಾರುಕಟ್ಟೆ. ವ್ಯವಹಾರ ಹೆಚ್ಚಾಗಿ ಕೆಡುವುದು ದಾಖಲೆಯಲ್ಲಿ: ಕಥೆಗಾರ, ಸಂಗೀತಗಾರರಿಂದ ಬರೆಸಿಕೊಂಡ ಹಕ್ಕುಪತ್ರ ಇರುವುದಿಲ್ಲ. ಸಂಭಾಷಣೆಯಿಲ್ಲದ ಸಂಗೀತ–ಶಬ್ದದ ಟ್ರ್ಯಾಕ್ ಪ್ರತ್ಯೇಕವಾಗಿ ಇಟ್ಟಿರದಿದ್ದರೆ ಡಬ್ಬಿಂಗ್ ಹಕ್ಕಿನ ಬೆಲೆಯೂ ಬೀಳುತ್ತದೆ.