ಕಿವಿ ಮುಂದೆ, ಕೈ ಹಿಂದೆ: ದೊಡ್ಡವರಾದ ಮೇಲೆ ಗಿಟಾರ್ ಕಲಿಯುವವರ ಪ್ರಶ್ನೆಗಳು

ಪ್ರಶ್ನೆ: ನನಗೆ 43 ವರ್ಷ. ಗಿಟಾರ್ ಹಿಡಿದು ಎರಡು ತಿಂಗಳಾಯಿತು. ಬೆರಳ ತುದಿ ಉರಿಯುತ್ತದೆ. ನುಡಿಸಿದ್ದು ನನಗೇ ಕೇಳಕ್ಕಾಗಲ್ಲ. ಜೊತೆಗೆ ನನ್ನ ಬೆರಳುಗಳು ಗಿಡ್ಡ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಅನ್ನಿಸುತ್ತಿದೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. 'ನನಗೇ ಕೇಳಕ್ಕಾಗಲ್ಲ' ಅಂತ ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟ ಮಾತೇ ಅದು. ನಲವತ್ತು ವರ್ಷ ಹಾಡು ಕೇಳಿ ಪಳಗಿದ ಕಿವಿ ನಿಮ್ಮದು. ಎಲ್ಲಿ ಶ್ರುತಿ ಜಾರಿತು, ಎಲ್ಲಿ ತಾಳ ತಪ್ಪಿತು ಅಂತ ಅದಕ್ಕೆ ತಕ್ಷಣ ಗೊತ್ತಾಗುತ್ತದೆ. ಕೈಗೆ ಮಾತ್ರ ಇನ್ನೂ ಎರಡೇ ತಿಂಗಳು ವಯಸ್ಸು. ಎಂಟು ವರ್ಷದ ಮಗುವಿಗೆ ಕಿವಿಯೂ ಎಳೆಯದು, ಕೈಯೂ ಎಳೆಯದು, ಹಾಗಾಗಿ ಅದು ತಪ್ಪು ನುಡಿಸಿಕೊಂಡೇ ಖುಷಿಯಾಗಿ ಮುಂದೆ ಹೋಗುತ್ತದೆ. ನಿಮಗೆ ಪ್ರತಿ ತಪ್ಪೂ ಕೇಳಿಸುತ್ತದೆ, ಕೇಳಿಸಿದಾಗೆಲ್ಲ ಬೇಜಾರಾಗುತ್ತದೆ. ಆದರೆ ಕೈಯನ್ನು ತಿದ್ದುವುದೂ ಅದೇ ಕಿವಿ ಅಲ್ವಾ? ಇನ್ನೊಂದು ಆರು ತಿಂಗಳು ಅದರ ದೂರು ಸಹಿಸಿಕೊಳ್ಳಿ.

ಈಗ ನೋವಿನ ವಿಷಯ. ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಆರೂ ತಂತಿಗಳ ಎಳೆತ ಸೇರಿದರೆ ಸುಮಾರು 70 ಕೆ.ಜಿ. ಆಗುತ್ತದೆ. ಅಷ್ಟು ಬಿಗಿಯಾದ ತಂತಿಗಳನ್ನು ಮೆತ್ತಗಿನ ಬೆರಳ ತುದಿಯಿಂದ ಒತ್ತುತ್ತಿದ್ದೀರಿ, ಉರಿಯದೆ ಇರುತ್ತದೆಯೇ? ದಿನಾ ಸ್ವಲ್ಪ ಸ್ವಲ್ಪ ನುಡಿಸಿದರೆ ಮೂರು ನಾಲ್ಕು ವಾರಗಳಲ್ಲಿ ತುದಿಯ ಚರ್ಮ ಗಟ್ಟಿಯಾಗುತ್ತದೆ. ಎರಡು ತಿಂಗಳಾದರೂ ಉರಿ ಕಡಿಮೆಯಾಗಿಲ್ಲ ಅಂದರೆ ಎರಡು ಅನುಮಾನ ನನಗೆ.

ಮೊದಲನೆಯದು, ನೀವು ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಒತ್ತುತ್ತಿರಬಹುದು. ಇದನ್ನು ಇವತ್ತೇ ನೋಡಿ. ಮೂರನೇ ತಂತಿಯ ಮೇಲೆ (ಎಣಿಕೆ ತೀರಾ ತೆಳು ತಂತಿಯಿಂದ ಶುರು) ಆರನೇ ಫ್ರೆಟ್, ಅಂದರೆ ಗಿಟಾರ್ ಕತ್ತಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಯ ಹತ್ತಿರ ತೋರುಬೆರಳನ್ನು ಸುಮ್ನೆ ಇಡಿ, ಒತ್ತಬೇಡಿ. ಬಲಗೈಯಿಂದ ಮೀಟಿ. 'ಟಕ್' ಅಂತ ಸತ್ತ ಸದ್ದು ಬರುತ್ತದೆ. ಮೀಟುತ್ತಲೇ ಒತ್ತಡವನ್ನು ಕೂದಲೆಳೆಯಷ್ಟು ಹೆಚ್ಚಿಸುತ್ತಾ ಹೋಗಿ. ಮೊದಲು ಜಿರ್ರ್ ಅನ್ನುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಸ್ವರ ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಅಷ್ಟೇ ಬೇಕಾಗಿದ್ದು. ಇನ್ನೊಂದು ವಿಷಯ: ಬೆರಳು ಎರಡು ಫ್ರೆಟ್‌ಗಳ ನಡುಮಧ್ಯೆ ಇದ್ದರೆ ಜಾಸ್ತಿ ಬಲ ಬೇಕು, ಲೋಹದ ಪಟ್ಟಿಗೆ ಅಂಟಿದಂತೆ ಅದರ ಹಿಂದೆಯೇ ಇದ್ದರೆ ಕಡಿಮೆ ಬಲ ಸಾಕು. ಒಂದು ಸಲ ಎರಡೂ ಕಡೆ ಇಟ್ಟು ನೋಡಿ, ಬೆರಳಿಗೇ ಅರ್ಥವಾಗುತ್ತದೆ.

ಎರಡನೆಯ ಅನುಮಾನ ಗಿಟಾರ್ ಮೇಲೆ. ಇದು ನನಗೇ ಆಗಿದ್ದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. 38ನೇ ವಯಸ್ಸಿನಲ್ಲಿ ನಾನು ಮೊದಲ ಗಿಟಾರ್ ತಂದಾಗ ಅದರ ತಂತಿಗಳು ಮರದಿಂದ ತೀರಾ ಮೇಲಿದ್ದವು. ಮಾರಿದವರು ಹೇಳಲಿಲ್ಲ, ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಮೂರು ತಿಂಗಳು ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ರಾತ್ರಿ ಬೆರಳನ್ನು ತಣ್ಣೀರಲ್ಲಿ ಅದ್ದಿಕೊಂಡು ಕೂತಿರುತ್ತಿದ್ದೆ. ಕೊನೆಗೆ ರಿಪೇರಿ ಮಾಡುವ ಒಬ್ಬರು ಅದನ್ನು ಕೈಗೆ ತಗೊಂಡವರೇ ತಲೆ ಅಲ್ಲಾಡಿಸಿದರು. ತಂತಿ ಸಡಿಲಿಸಿ, ಸೇತುವೆ (ಗಿಟಾರ್ ಮೈಮೇಲೆ ತಂತಿ ಸಿಕ್ಕಿಸುವ ಮರದ ತುಂಡು) ಮೇಲಿನ ಬಿಳಿ ಪಟ್ಟಿಯನ್ನು ಹೊರಗೆ ತೆಗೆದು, ಅದರ ತಳವನ್ನು ಉಪ್ಪುಕಾಗದದ ಮೇಲೆ ಉಜ್ಜಿ ಮತ್ತೆ ಕೂರಿಸಿದರು. ಅವತ್ತು ಸಂಜೆ ಅದೇ ಗಿಟಾರ್‌ನಲ್ಲಿ ಅದೇ ಕೈಗೆ ಸಿ ಕಾರ್ಡ್ ಬಂತು (ಕಾರ್ಡ್ ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಬೆರಳ ಹಿಡಿತ). ಹಾಗಾಗಿ ಒಂದು ಸ್ಕೇಲ್ ತಗೊಂಡು 12ನೇ ಫ್ರೆಟ್ ಮೇಲೆ ದಪ್ಪ ತಂತಿ ಎಷ್ಟು ಎತ್ತರದಲ್ಲಿದೆ ಅಂತ ಅಳೆಯಿರಿ. ಎರಡೂವರೆ ಮಿ.ಮೀ. ಆಸುಪಾಸು ಇದ್ದರೆ ಚೆನ್ನ. ನಾಲ್ಕು ಇದ್ದರೆ ತಪ್ಪು ನಿಮ್ಮದಲ್ಲ, ಸೆಟಪ್ ಮಾಡಿಸಿ, ಅಂದರೆ ಹೀಗೆ ತಂತಿಯ ಎತ್ತರ ಸರಿಮಾಡಿಸಿ.

ಬೆರಳ ತುದಿಯ ಉರಿಗೆ ಹೆದರಬೇಕಿಲ್ಲ. ಆದರೆ ಮಣಿಕಟ್ಟು, ಮೊಣಕೈ ನೋಯುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ.

ಗಿಡ್ಡ ಬೆರಳಿನ ಬಗ್ಗೆ ಒಂದೇ ಮಾತು. ಜಾಂಗೋ ರೈನ್‌ಹಾರ್ಟ್ ಅಂತ ಜಾಝ್ ಗಿಟಾರ್ ವಾದಕರೊಬ್ಬರಿದ್ದರು, ಹುಟ್ಟಿದ್ದು 1910ರಲ್ಲಿ. 1928ರಲ್ಲಿ ಬೆಂಕಿ ಅನಾಹುತದಲ್ಲಿ ಅವರ ಎಡಗೈ ಸುಟ್ಟು, ಉಂಗುರ ಬೆರಳು ಮತ್ತು ಕಿರುಬೆರಳು ಮಡಚಿಕೊಂಡೇ ಉಳಿದವು. ಅವರು ಮೊದಲಿಂದ ಮತ್ತೆ ಅಭ್ಯಾಸ ಮಾಡಿ, ಆ ವೇಗದ ಸೋಲೋಗಳನ್ನೆಲ್ಲ ಮುಖ್ಯವಾಗಿ ಎರಡೇ ಬೆರಳಿನಲ್ಲಿ ನುಡಿಸಿದರು. ರೆಕಾರ್ಡಿಂಗ್‌ಗಳು ಇವೆ, ಹುಡುಕಿ ಕೇಳಿ.

ಪ್ರಶ್ನೆ: ಕಾರ್ಡ್‌ಗಳು ಒಂದೊಂದಾಗಿ ಬರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕೈ ನಿಂತುಬಿಡುತ್ತದೆ. ಕೆಲಸದ ದಿನ ಸಮಯ ಸಿಗಲ್ಲ, ಭಾನುವಾರ ಮಾತ್ರ ಎರಡು ಗಂಟೆ ಕೂರುತ್ತೇನೆ.

ಉತ್ತರ: ಭಾನುವಾರದ ಎರಡು ಗಂಟೆಯನ್ನು ಒಡೆದು ದಿನಕ್ಕೆ 15 ನಿಮಿಷ ಮಾಡಿ. ವಾರದಲ್ಲಿ ಒಂದೇ ದಿನ ಹಿಡಿದರೆ ಆರು ದಿನದಲ್ಲಿ ಕೈ ಮರೆಯುತ್ತದೆ, ಮೊದಲ ಅರ್ಧ ಗಂಟೆ ನೆನಪಿಸುವುದಕ್ಕೇ ಹೋಗುತ್ತದೆ. ಗಿಟಾರನ್ನು ಚೀಲದಲ್ಲಿ ಹಾಕಿ ಕಪಾಟಿನ ಮೇಲೆ ಇಡಬೇಡಿ. ಕಣ್ಣಿಗೆ ಬೀಳುವ ಕಡೆ ಸ್ಟ್ಯಾಂಡ್ ಮೇಲಿರಲಿ. ಚೀಲದ ಜಿಪ್ ತೆಗೆಯುವ ಸೋಮಾರಿತನಕ್ಕೇ ಎಷ್ಟೋ ಜನರ ಗಿಟಾರ್ ನಿಂತುಹೋಗಿದೆ.

ಕೂತ ತಕ್ಷಣ ಟ್ಯೂನರ್ ಹಿಡಿದು ಶ್ರುತಿ ಮಾಡಿಕೊಳ್ಳಿ. ಇದನ್ನು ಒಂದು ದಿನವೂ ಬಿಡಬೇಡಿ. ಶ್ರುತಿ ತಪ್ಪಿದ ಗಿಟಾರ್‌ನಲ್ಲಿ ಸರಿಯಾದ ಕಾರ್ಡ್ ಹಿಡಿದರೂ ಕಿವಿ 'ತಪ್ಪು' ಅನ್ನುತ್ತದೆ, ನೀವು ಸುಮ್ನೆ ಬೆರಳನ್ನು ಬೈಯುತ್ತೀರಿ.

ಆಮೇಲೆ ಎರಡೇ ಕಾರ್ಡ್ ಆರಿಸಿ. ಸಿ ಮತ್ತು ಎ ಮೈನರ್ ತಗೊಳ್ಳಿ. ಸಿ ಹಿಡಿದಾಗ ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್‌ನಲ್ಲಿ, ಮಧ್ಯದ ಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ, ಉಂಗುರ ಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿ ಇರುತ್ತದೆ. ಎ ಮೈನರ್‌ಗೆ ಹೋಗಲು ಮೊದಲ ಎರಡು ಬೆರಳು ಏಳಲೇಬೇಕಿಲ್ಲ. ಉಂಗುರ ಬೆರಳೊಂದು ಮೂರನೇ ತಂತಿಯ ಎರಡನೇ ಫ್ರೆಟ್‌ಗೆ ಬಂದರೆ ಆಯಿತು. ಹೊಸಬರು ಪ್ರತಿ ಸಲ ಮೂರೂ ಬೆರಳು ಎತ್ತಿ, ಗಾಳಿಯಲ್ಲಿ ಯೋಚಿಸಿ, ಒಂದೊಂದಾಗಿ ಇಳಿಸುತ್ತಾರೆ. ನಿಮ್ಮ ಕೈ ನಿಲ್ಲುತ್ತಿರುವುದು ಬಹುಶಃ ಅಲ್ಲೇ. ಯಾವ ಎರಡು ಕಾರ್ಡ್ ತಗೊಂಡರೂ ಮೊದಲು ಯಾವ ಬೆರಳು ಇದ್ದಲ್ಲೇ ಇರಬಹುದು ಅಂತ ಹುಡುಕಿ.

ಒಂದು ನಿಮಿಷ ಗಡಿಯಾರ ಇಟ್ಟು ಎಷ್ಟು ಸಲ ಬದಲಾಯಿಸಿದಿರಿ ಅಂತ ಎಣಿಸಿ, ಪುಸ್ತಕದಲ್ಲಿ ಬರೆದಿಡಿ. ಮೊದಲ ದಿನ 8 ಬಂದರೂ ಪರವಾಗಿಲ್ಲ. ನಿಧಾನದ ಒಂದು ಹಾಡನ್ನು ನಿಮಿಷಕ್ಕೆ 60 ಎಣಿಕೆಯ ವೇಗದಲ್ಲಿ, ನಾಲ್ಕು ಎಣಿಕೆಗೊಂದು ಕಾರ್ಡ್ ನುಡಿಸಿದರೆ ನಿಮಿಷಕ್ಕೆ ಬೇಕಾಗುವುದು ಬರೀ 15 ಬದಲಾವಣೆ. ನೀವು 30 ಮುಟ್ಟಿದಿರಿ ಅಂದರೆ ಹಾಡಿನ ಮಧ್ಯೆ ಉಸಿರಾಡಲು ಜಾಗ ಸಿಗುತ್ತದೆ. ದಿನಾ ಅಂಕಿ ಬರೆಯುವುದು ಯಾಕೆಂದರೆ, ಕಿವಿ ನಿಮಗೆ 'ಏನೂ ಸುಧಾರಿಸಿಲ್ಲ' ಅಂತಲೇ ಹೇಳುತ್ತಿರುತ್ತದೆ. ಪುಸ್ತಕ ತೆಗೆದರೆ 8 ಇದ್ದದ್ದು 22 ಆಗಿರುವುದು ಕಾಣುತ್ತದೆ.

ಪ್ರಶ್ನೆ: ಎಫ್ ಕಾರ್ಡ್ ಬಂದ ಜಾಗದಲ್ಲಿ ಎಲ್ಲ ಹಾಡೂ ನಿಲ್ಲುತ್ತದೆ. ಆರು ತಂತಿಯನ್ನೂ ಒಂದೇ ಬೆರಳಿನಲ್ಲಿ ಒತ್ತುವುದು ನಿಜವಾಗಿಯೂ ಸಾಧ್ಯವಾ?

ಉತ್ತರ: ಆರನ್ನೂ ಒತ್ತಬೇಕಾಗಿಲ್ಲ! ಇದನ್ನು ನನಗೆ ಯಾರಾದರೂ ಮೊದಲೇ ಹೇಳಬಾರದಿತ್ತಾ ಅಂತ ಈಗಲೂ ಅನ್ನಿಸುತ್ತದೆ. ಎಫ್ ಹಿಡಿದಾಗ ಮೂರು, ನಾಲ್ಕು, ಐದನೇ ತಂತಿಗಳನ್ನು ಉಳಿದ ಮೂರು ಬೆರಳು ನೋಡಿಕೊಳ್ಳುತ್ತವೆ. ತೋರುಬೆರಳು ಗಟ್ಟಿಯಾಗಿ ಒತ್ತಬೇಕಾದದ್ದು ಒಂದು, ಎರಡು ಮತ್ತು ಆರನೇ ತಂತಿಯನ್ನು ಮಾತ್ರ. ಬೆರಳನ್ನು ಚಪ್ಪಟೆಯಾಗಿ ಇಟ್ಟರೆ ಗೆಣ್ಣಿನ ಕೆಳಗಿನ ಮೆತ್ತನೆ ಜಾಗಕ್ಕೆ ತಂತಿ ಸಿಕ್ಕಿ ಸತ್ತುಹೋಗುತ್ತದೆ. ಸ್ವಲ್ಪ ಹೆಬ್ಬೆರಳಿನ ಕಡೆಗೆ ಹೊರಳಿಸಿ, ಮೂಳೆ ಇರುವ ಬದಿ ತಂತಿಗೆ ತಾಗಲಿ. ಹೆಬ್ಬೆರಳಿಂದ ಹಿಂಡಬೇಡಿ, ಮೊಣಕೈಯನ್ನು ನಿಧಾನವಾಗಿ ಹಿಂದಕ್ಕೆ ಎಳೆದರೆ ತೋಳಿನ ಭಾರವೇ ಅರ್ಧ ಕೆಲಸ ಮಾಡುತ್ತದೆ.

ಮತ್ತೆ, ಮೊದಲ ಫ್ರೆಟ್‌ನಲ್ಲೇ ಶುರು ಮಾಡಬೇಡಿ. ಸಾಮಾನ್ಯ ಗಿಟಾರ್‌ನಲ್ಲಿ ಮೊದಲ ಫ್ರೆಟ್‌ನ ಜಾಗ ಸುಮಾರು 36 ಮಿ.ಮೀ. ಅಗಲ, ಐದನೆಯದು ಸುಮಾರು 29. ಐದನೇ ಫ್ರೆಟ್‌ನಲ್ಲಿ ಬೆರಳು ಅಷ್ಟು ಚಾಚಬೇಕಿಲ್ಲ, ತಂತಿಯೂ ಸುಲಭವಾಗಿ ಬಗ್ಗುತ್ತದೆ. ಅದೇ ಆಕಾರವನ್ನು ಅಲ್ಲಿ ಹಿಡಿದರೆ ಎ ಮೇಜರ್. ಅಲ್ಲಿ ಆರೂ ತಂತಿ ಕೇಳಿಸಿದ ಮೇಲೆ ವಾರಕ್ಕೊಂದು ಫ್ರೆಟ್ ಹಿಂದಕ್ಕೆ ಬನ್ನಿ.

ಅಲ್ಲಿಯವರೆಗೆ ಹಾಡು ನಿಲ್ಲಿಸಬೇಡಿ. ಸಿ ಹಿಡಿಯಿರಿ, ತೋರುಬೆರಳು ಹಾಗೇ ಇರಲಿ, ಉಳಿದೆರಡು ಬೆರಳನ್ನು ಒಂದೊಂದು ತಂತಿ ಕೆಳಗೆ, ಅಂದರೆ ಸಣ್ಣ ತಂತಿಯ ಕಡೆ ಸರಿಸಿ. ಕೆಳಗಿನ ನಾಲ್ಕು ತಂತಿ ಮಾತ್ರ ಮೀಟಿ. ಅದು ಎಫ್ ಮೇಜರ್ 7. ಹೆಚ್ಚಿನ ಹಾಡುಗಳಲ್ಲಿ ಎಫ್ ಜಾಗದಲ್ಲಿ ಅದನ್ನು ಹಾಕಿದರೆ ಚೆನ್ನಾಗಿಯೇ ಕೂರುತ್ತದೆ.

ಪ್ರಶ್ನೆ: ನೈಲಾನ್ ತಂತಿ ಹಾಕಿದರೆ ನೋವು ಕಡಿಮೆಯಂತೆ. ನನ್ನ ಸ್ಟೀಲ್ ತಂತಿಯ ಗಿಟಾರ್‌ಗೆ ಅದನ್ನೇ ಹಾಕಿಸಲಾ?

ಉತ್ತರ: ಬೇಡ. ಆ ಗಿಟಾರ್ ಜಾಸ್ತಿ ಎಳೆತಕ್ಕೆಂದು ಕಟ್ಟಿದ್ದು, ನೈಲಾನ್ ಹಾಕಿದರೆ ದನಿಯೇ ಏಳುವುದಿಲ್ಲ. ಇದಕ್ಕೆ ಉಲ್ಟಾ ಮಾಡುವುದಂತೂ ಬೇಡವೇ ಬೇಡ, ನೈಲಾನ್ ಗಿಟಾರ್‌ಗೆ ಸ್ಟೀಲ್ ಹಾಕಿದರೆ ಸೇತುವೆಯೇ ಕಿತ್ತುಬರಬಹುದು. ನಿಮ್ಮದಕ್ಕೆ 10ರ ಸೆಟ್, ಅಂದರೆ ತೆಳು ತಂತಿ ಹಾಕಿಸಿ. 12ರ ಸೆಟ್‌ಗಿಂತ ಬೆರಳಿಗೆ ತುಂಬಾ ಹಗುರ.

ಪ್ರಶ್ನೆ: ನುಡಿಸುತ್ತೇನೆ, ಹಾಡುತ್ತೇನೆ. ಎರಡೂ ಒಟ್ಟಿಗೆ ಮಾಡಿದರೆ ಎರಡೂ ಕೆಡುತ್ತದೆ.

ಉತ್ತರ: ಎಲ್ಲರ ಗಮನವೂ ಎಡಗೈ ಮೇಲಿರುತ್ತದೆ, ಆದರೆ ಹಾಡನ್ನು ಹೊತ್ತು ನಡೆಯುವುದು ಬಲಗೈ. ಎಡಗೈಯನ್ನು ತಂತಿಗಳ ಮೇಲೆ ಸುಮ್ನೆ ಮಲಗಿಸಿ, ಸ್ವರ ಬರದ ಹಾಗೆ. ಬಲಗೈ ತೂಗುಯ್ಯಾಲೆಯಂತೆ ಮೇಲೆ ಕೆಳಗೆ ಆಡುತ್ತಿರಲಿ. ಎಣಿಕೆಗೆ ಕೆಳಗೆ, ಎರಡು ಎಣಿಕೆಗಳ ನಡುವೆ ಮೇಲೆ. ಕೆಲವು ಸಲ ತಂತಿಗೆ ತಾಗುತ್ತದೆ, ಕೆಲವು ಸಲ ತಾಗದೆ ಹಾಗೇ ಹೋಗುತ್ತದೆ, ಆದರೆ ಕೈ ನಿಲ್ಲಬಾರದು. ಹೀಗೆ ಬರೀ ಚಕ್ ಚಕ್ ಸದ್ದು ಮಾಡುತ್ತಾ ಮನೆಯವರ ಜೊತೆ ಮಾತಾಡಿ. ತಡವರಿಸದೆ ಒಂದು ವಾಕ್ಯ ಮುಗಿಸಿದಿರಿ ಅಂದರೆ ಬಲಗೈಗೆ ನಿಮ್ಮ ಗಮನ ಬೇಕಿಲ್ಲ ಅಂತಾಯಿತು. ಆಮೇಲೆ ಹಾಡನ್ನು ಗುನುಗಿ, ಎಣಿಕೆಗೆ ಒಂದೇ ಮೀಟು. ಸಾಲುಗಳನ್ನು ಕೊನೆಗೆ ಸೇರಿಸಿ. ಮಧ್ಯೆ ಕಾರ್ಡ್ ತಪ್ಪಿದರೆ ತಪ್ಪಲಿ, ಬಲಗೈ ನಿಲ್ಲಿಸಬೇಡಿ, ಹಿಂದಕ್ಕೆ ಹೋಗಿ ತಿದ್ದಬೇಡಿ. ಕೇಳುವವರಿಗೆ ತಪ್ಪಿದ ಕಾರ್ಡ್ ಗೊತ್ತಾಗುವುದು ಕಡಿಮೆ, ತಾಳ ನಿಂತದ್ದು ಎಲ್ಲರಿಗೂ ಗೊತ್ತಾಗುತ್ತದೆ. ಬಾಯಲ್ಲಿ ಕರಗತವಾಗಿರುವ, ಎರಡೇ ಕಾರ್ಡಿನ ಹಾಡೊಂದನ್ನು ಆರಿಸಿಕೊಳ್ಳಿ. ಮೂರನೆಯದು ಸದ್ಯಕ್ಕೆ ಬೇಡ.